ನಮ್ಮ ಬಾಗಿಲು, ನಿಮ್ಮ ಬಾಗಿಲು

ಮದುವೆಮನೆಯಲ್ಲಿ ಹೆಂಗಸರು ಸೀರೆ ನೋಡುತ್ತಾರೆ, ಗಂಡಸರು ಊಟದ ಹಾಲ್ ಎಲ್ಲಿದೆ ಎಂದು ನೋಡುತ್ತಾರೆ. ನಾನು ಬಾಗಿಲು ನೋಡುತ್ತೇನೆ. ಎಷ್ಟಿವೆ, ಒಳಕ್ಕೆ ತೆರೆಯುತ್ತವೋ ಹೊರಕ್ಕೋ, ಯಾವುದಕ್ಕೆ ಬೀಗ ಬಿದ್ದಿದೆ, ಯಾವುದರ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ ಎಂದೆಲ್ಲ ಒಂದು ಸುತ್ತು ಹಾಕಿ ಬಂದ ಮೇಲೆಯೇ ಅಕ್ಷತೆ ಕೈಗೆ ತೆಗೆದುಕೊಳ್ಳುವುದು. ಕುಳಿತುಕೊಳ್ಳುವುದು ಸಾಲಿನ ತುದಿಯ ಕುರ್ಚಿಯಲ್ಲಿ. ಬೀಗರಿಗೆ ನನ್ನನ್ನು ಪರಿಚಯಿಸುವಾಗ ನಮ್ಮವರು, "ಇವಳು ಮದುವೆಗೆ ಬಂದವಳಲ್ಲ, ಕಟ್ಟಡದ ತಪಾಸಣೆಗೆ ಬಂದವಳು," ಎನ್ನುತ್ತಾರೆ. ಬೀಗರು ನಗುತ್ತಾರೆ. ನಾನೂ ನಗುತ್ತೇನೆ, ಬಾಗಿಲಿನ ಮೇಲೆ ಒಂದು ಕಣ್ಣಿಟ್ಟುಕೊಂಡೇ.

ಈ ಚಟ ನನಗೆ ಅಂಟಿದ್ದು ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಹಾಗೆಂದು ನಾನು ಅಮೆರಿಕ ನೋಡಿದವಳಲ್ಲ. ಆ ಊರೇ ಕತಾರಿಗೆ ಬಂದಿತ್ತು.

ತೊಂಬತ್ತರ ದಶಕದ ಮಾತು. ದೋಹಾದಿಂದ ದುಖಾನಿಗೆ ಹೋಗುವ ರಸ್ತೆಯಲ್ಲಿ, ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಬೂದು ನೆಲವಲ್ಲದೆ ಬೇರೇನೂ ಕಾಣದ ಕಡೆ, ಅಮೆರಿಕದ ಒಂದು ಕಂಪನಿ ಗ್ಯಾಸಿನ ಕೆಲಸಕ್ಕೆಂದು ಕ್ಯಾಂಪು ಕಟ್ಟಿತ್ತು. ನಮ್ಮವರು ಅಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಕ್ಯಾಂಪಿನ ಮ್ಯಾನೇಜರನಿಗೆ ತನ್ನ ಹುಟ್ಟೂರಿನ ಮೇಲೆ ಬಹಳ ಪ್ರೀತಿ. ಅಮೆರಿಕದ ದಕ್ಷಿಣದಲ್ಲೆಲ್ಲೋ ಇರುವ ಆ ಸಣ್ಣ ಊರನ್ನೇ ಮರಳಿನಲ್ಲಿ ಮತ್ತೆ ಕಟ್ಟಿಸಿದ್ದ. ಬೀದಿಗಳಿಗೆ ಎಲ್ಮ್, ಮೇಪಲ್, ಓಕ್ ಎಂದು ಮರಗಳ ಹೆಸರು. ಆ ಮೂರೂ ಬೀದಿ ಸೇರಿದರೆ ಇದ್ದದ್ದು ಒಂದು ಬಡಕಲು ಬೇವಿನ ಗಿಡ. ಅದರ ಹೆಸರಿನ ಬೀದಿ ಮಾತ್ರ ಇರಲಿಲ್ಲ. ಪ್ರತಿ ಮನೆಯ ಮುಂದೆ ಕಂಬದ ಮೇಲೊಂದು ಅಂಚೆಪೆಟ್ಟಿಗೆ. ಅಂಚೆ ಬರುತ್ತಿದ್ದದ್ದು ದೋಹಾದಿಂದ, ಕ್ಯಾಂಪಿನ ಬಸ್ಸಿನ ಡ್ರೈವರ್ ಇಬ್ರಾಹಿಂನ ರೆಕ್ಸಿನ್ ಚೀಲದಲ್ಲಿ. ನಮ್ಮ ಪೆಟ್ಟಿಗೆಯಲ್ಲಿ ಹಲ್ಲಿಯೊಂದು ಸಂಸಾರ ಹೂಡಿತ್ತು.

ಮ್ಯಾನೇಜರನ ಹೆಂಡತಿ ಬೆಟ್ಟಿ ನನಗೆ ಒಮ್ಮೆ ಆ ಮೂಲ ಊರಿನ ವರ್ಣನೆ ಮಾಡಿದ್ದಳು. ಊರಿನ ನಡುವೆ ರೈಲು ಹಳಿಯಂತೆ. ಹಳಿಯ ಈ ಕಡೆ ಇವರು, ಆ ಕಡೆ ಕಪ್ಪು ಜನ. "ಆದರೆ ನಮ್ಮ ನಡುವೆ ಎಷ್ಟು ಪ್ರೀತಿ ಇತ್ತು ಗೊತ್ತಾ!" ಎಂದಳು. ಅಷ್ಟು ಪ್ರೀತಿ ಇದ್ದವರು ಹಳಿ ದಾಟಿ ಒಮ್ಮೆಯಾದರೂ ಊಟಕ್ಕೆ ಹೋಗಿದ್ದರೇ ಎಂದು ನಾನು ಕೇಳಲಿಲ್ಲ. ನಮ್ಮ ಕ್ಯಾಂಪಿಗೆ ರೈಲಿರಲಿಲ್ಲ, ಪೈಪ್‌ಲೈನಿತ್ತು. ಪೈಪಿನ ಈ ಕಡೆ ಹುಲ್ಲುಹಾಸು, ವಿಲ್ಲಾಗಳು, ಈಜುಕೊಳ, ಲೈಬ್ರರಿ. ಆ ಕಡೆ ಕೆಲಸಗಾರರು ಮಲಗುವ ತಗಡಿನ ಪೋರ್ಟಾ ಕ್ಯಾಬಿನ್ನುಗಳು ಸಾಲು ಸಾಲು, ಹಗ್ಗದ ಮೇಲೆ ಒಣಗುವ ನೀಲಿ ಡಾಂಗ್ರಿಗಳು, ಬಾಗಿಲಿನ ಹೊರಗೆ ಬಿಟ್ಟ ಬೂಟುಗಳು. ಮೂಲಕ್ಕೆ ಚ್ಯುತಿಯಿಲ್ಲದ ನಕಲು ಎಂದರೆ ಇದೇ ಇರಬೇಕು.

ನಮಗೆಲ್ಲ ಕುತ್ತಿಗೆಗೆ ಬ್ಯಾಜು. ದೊಡ್ಡವರಿಗೆ ನೀಲಿ, ನಮ್ಮಂಥ ನಡುವಿನವರಿಗೆ ಹಸಿರು, ಕೆಲಸಗಾರರಿಗೆ ಹಳದಿ. ಅಲ್ಲಿ ಬಣ್ಣಭೇದವಿತ್ತು ಎಂದು ಯಾರೂ ಹೇಳುವಂತಿರಲಿಲ್ಲ. ಬಣ್ಣ ಇದ್ದದ್ದು ಬ್ಯಾಜಿಗೆ. ಅಪ್ಪಿತಪ್ಪಿ ನೀಲಿ ಬ್ಯಾಜೆಲ್ಲ ಬೆಳ್ಳಗಿನವರ ಕೊರಳಿಗೂ ಹಳದಿಯೆಲ್ಲ ನಮ್ಮ ದೇಶದವರು, ನೇಪಾಳಿಗಳು, ಪಾಕಿಸ್ತಾನಿಗಳು, ಬಂಗಾಳಿಗಳ ಕೊರಳಿಗೂ ಬಿದ್ದಿದ್ದರೆ ಅದು ಕಾಕತಾಳೀಯ. ಈ ಕಾಕತಾಳೀಯಕ್ಕೆ ಒಂದೇ ಅಪವಾದವೆಂದರೆ ಸೇಫ್ಟಿ ಆಫೀಸರ್ ಕರ್ಟಿಸ್. ನೀಲಿ ಬ್ಯಾಜಿನ ಕಪ್ಪು ಅಮೆರಿಕನ್. ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಕಡಿಮೆ ಮಾತು.

ಬ್ಯಾಜಿನ ಬಣ್ಣಕ್ಕೆ ತಕ್ಕ ಬಾಗಿಲು. ನೀಲಿಗೂ ಹಸಿರಿಗೂ ಗಾಜಿನ ಬಾಗಿಲು, ಹಳದಿಗೆ ಹಿಂದಿನ ತಗಡಿನ ಬಾಗಿಲು. ಇದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹೊಸದಾಗಿ ಬಂದವನು ವಾರದೊಳಗೆ ಕಲಿತುಬಿಡುತ್ತಿದ್ದ. ಕಾಲೇ ಅವನನ್ನು ಅತ್ತ ಕರೆದೊಯ್ಯುತ್ತಿತ್ತು. ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೆ ಸಾಮ್ರಾಜ್ಯಗಳು ಹೇಗೆ ನಡೆದವು ಎಂಬುದು ಪುಸ್ತಕಗಳಿಂದ ಸರಿಯಾಗಿ ಅರ್ಥವಾಗಿರಲಿಲ್ಲ. ಸೈನ್ಯ, ಕೋಟೆ, ಕಂದಾಯ ಎಂದೆಲ್ಲ ಬರೆದಿದ್ದೆ, ಫಸ್ಟ್ ಕ್ಲಾಸೂ ಬಂದಿತ್ತು. ಬಾಗಿಲುಗಳ ಬಗ್ಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ.

ಆ ಎಂ.ಎ.ಯ ಪುಣ್ಯದಿಂದ ನನಗೆ ಕ್ಯಾಂಪಿನ ಲೈಬ್ರರಿಯ ಕೆಲಸ ಸಿಕ್ಕಿತು. ಊರಿಗೆ ಮರಳುವ ಮೇಡಂಗಳು ಬಿಟ್ಟುಹೋದ ಕಾದಂಬರಿಗಳು, ತೆಳ್ಳಗಾಗುವುದು ಹೇಗೆ ಎಂಬ ಪುಸ್ತಕಗಳು, ಅರ್ಧ ಬಿಡಿಸಿದ ಪದಬಂಧಗಳು. ಇವನ್ನೆಲ್ಲ ವಿಷಯವಾರು ವಿಂಗಡಿಸಿ ಕಪಾಟಿನಲ್ಲಿ ಜೋಡಿಸುವುದು ನನ್ನ ಕೆಲಸ. ವಿಂಗಡಿಸುವವರಿಗೆ ಒಂದು ಸುಖವಿದೆ: ಯಾವುದನ್ನು ಎಲ್ಲಿಟ್ಟರೂ ಅದು ಮೊದಲಿನಿಂದಲೂ ಅಲ್ಲಿಯೇ ಇತ್ತು ಅನ್ನಿಸತೊಡಗುತ್ತದೆ.

ಲೈಬ್ರರಿಗೆ ನೀಲಿ, ಹಸಿರಿನವರಿಗಷ್ಟೇ ಪ್ರವೇಶ. ಆದರೆ ನನ್ನ ನಿಯತ್ತಿನ ಓದುಗ ಎಂದರೆ ಹಳದಿ ಬ್ಯಾಜಿನ ಯಮನಪ್ಪ. ಬಾಗಲಕೋಟೆ ಕಡೆಯವನು, ಎತ್ತರದಲ್ಲಿ ಪೈಪು ಬಿಗಿದು ಅಟ್ಟ ಕಟ್ಟುವ ಸ್ಕ್ಯಾಫೋಲ್ಡರ್. ಇಬ್ರಾಹಿಂ ದೋಹಾದ ಬಿನ್ ಮಹಮೂದ್ ಬಡಾವಣೆಯ ಒಂದು ಅಂಗಡಿಯಿಂದ ತರುತ್ತಿದ್ದ ಹಳೆಯ ಕನ್ನಡ ವಾರಪತ್ರಿಕೆಗಳನ್ನು ನಾನು ಮೇಜಿನ ಡ್ರಾಯರಿನಲ್ಲಿ ಇಟ್ಟಿರುತ್ತಿದ್ದೆ. ಯಮನಪ್ಪ ಶುಕ್ರವಾರ ಮಧ್ಯಾಹ್ನ ಪೈಪ್‌ಲೈನು ದಾಟಿ, ಹಿಂದಿನ ಕಿಟಕಿಗೆ ಬಂದು ಇಸಿದುಕೊಳ್ಳುತ್ತಿದ್ದ. ಕೈಯಲ್ಲೊಂದು ಸ್ಪ್ಯಾನರ್ ಹಿಡಿದೇ ಬರುತ್ತಿದ್ದ. ಸ್ಪ್ಯಾನರ್ ಹಿಡಿದವನನ್ನು ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುವುದಿಲ್ಲವಂತೆ.

"ಒಳಗ ಬಾ ಯಮನಪ್ಪ, ಯಾರೂ ಇಲ್ಲ," ಎಂದರೆ, "ಬ್ಯಾಡ್ರೀ ಅಕ್ಕಾರ, ಇಲ್ಲೇ ಗಾಳಿ ಚಲೋ ಐತಿ," ಎನ್ನುತ್ತಿದ್ದ. ಹೊರಗೆ ಬೀಸುತ್ತಿದ್ದದ್ದು ರೊಟ್ಟಿ ಸುಡಬಹುದಾದಂಥ ಗಾಳಿ.

ಪತ್ರಿಕೆ ಕೈಗೆ ಬಂದರೆ ಮೊದಲು ಧಾರಾವಾಹಿಯ ಪುಟ. ಸಂಜೆಗೆ ಕ್ಯಾಬಿನ್ನಿನಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. ದನಿ ಹಾಗಿತ್ತು. ಕಬ್ಬಿಣದ ಮೇಲಿನಿಂದ "ಹುಷಾರ್ರೀ ಕೆಳಗ!" ಎಂದು ಕೂಗಿದರೆ ನಮ್ಮ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.

ಇಂಥ ಊರಿಗೆ ಒಂದು ದಿನ ಹೊಸ ಪದವೊಂದು ಬಂತು: ಡೈವರ್ಸಿಟಿ. ಅಮೆರಿಕದ ಹೆಡ್ ಆಫೀಸಿನಿಂದ ಬಂದದ್ದು. ನಮ್ಮಲ್ಲಿ ಎಷ್ಟೊಂದು ಬಗೆಯ ಜನರಿದ್ದಾರೆ ಎಂಬುದನ್ನು ಸಂಭ್ರಮಿಸಬೇಕಂತೆ. ಇಷ್ಟು ದಿನ ಬೇರೆ ಬೇರೆ ಕೂರಿಸಿದ್ದೇ ಈ ಸಂಭ್ರಮಕ್ಕೋಸ್ಕರವೇನೋ ಎಂಬಂತೆ ಬೆಟ್ಟಿ ಸಡಗರಪಟ್ಟಳು. ಕಮಿಟಿಯಾಯಿತು. ಭಾರತದ ಪರವಾಗಿ ನಾನು. ಆಯ್ಕೆಗೆ ಕಾರಣ ನನ್ನ ಇತಿಹಾಸಜ್ಞಾನವಲ್ಲ, ಸೀರೆ. "ಜರತಾರಿ ಇರಲಿ, ಸಾಧ್ಯವಾದರೆ ನವಿಲು," ಎಂದಳು ಬೆಟ್ಟಿ. ನನ್ನ ಹತ್ತಿರ ಇದ್ದದ್ದು ಇಳಕಲ್ ಸೀರೆ. ಅದರ ಮೇಲೆ ನವಿಲಿಲ್ಲವೆಂದು ಅವಳಿಗೆ ಸ್ವಲ್ಪ ನಿರಾಸೆಯಾಯಿತು.

ಅವಳನ್ನಷ್ಟೇ ಆಡಿಕೊಂಡರೆ ನ್ಯಾಯವಾಗಲಿಕ್ಕಿಲ್ಲ. ಭಾರತಕ್ಕೆಂದು ಒಂದೇ ಟೇಬಲ್ ಕೊಟ್ಟಿದ್ದರು. ಅದರ ಮೇಲೆ ಏನಿಡಬೇಕೆಂದು ತೀರ್ಮಾನಿಸಲು ನಮ್ಮ ಹಸಿರು ಬ್ಯಾಜಿನ ಭಾರತೀಯರು ಸೇರಿದ ಸಭೆಯಲ್ಲಿ ದೇಶ ಮತ್ತೊಮ್ಮೆ ಒಡೆಯುವುದೊಂದು ಬಾಕಿ. ಪುಟ್ಟು ಇಡಬೇಕೆಂದವರು, ಢೋಕ್ಲಾ ಇಡಬೇಕೆಂದವರು, ಮೀನಿದ್ದರೆ ನಾವು ಬರುವುದಿಲ್ಲ ಎಂದವರು, ಮೀನಿಲ್ಲದಿದ್ದರೆ ಅದೆಂಥ ಭಾರತ ಎಂದವರು. ಕನ್ನಡದವರೇ ಐದಾರು ಮನೆ ಇದ್ದೆವು. ನಮ್ಮಲ್ಲೇ ಮಂಗಳೂರಿನವರಿಗೆ ಜೋಳದ ರೊಟ್ಟಿ ಎಂದರೆ ಮುಖ ಸಿಂಡರಿಸುವುದು, ಹುಬ್ಬಳ್ಳಿಯವರಿಗೆ ಕುಚ್ಚಲಕ್ಕಿ ಎಂದರೆ ಹೊಟ್ಟೆ ಹಿಡಿದುಕೊಳ್ಳುವುದು. ಹಳದಿ ಬ್ಯಾಜಿನ ಒಬ್ಬನನ್ನಾದರೂ ಸಭೆಗೆ ಕರೆಯೋಣ ಎಂದಾಗ ಮಾತ್ರ ಎಲ್ಲರೂ ಒಂದೇ ದನಿಯಲ್ಲಿ, "ಅವರಿಗೆಲ್ಲ ಪುರುಸೊತ್ತು ಎಲ್ಲಿರುತ್ತದೆ?" ಎಂದರು. ರಾಷ್ಟ್ರೀಯ ಐಕ್ಯ ಸಾಧಿಸಿದ್ದು ಆ ಒಂದು ವಿಷಯದಲ್ಲಿ. ಕೊನೆಗೆ ದೋಹಾದಿಂದ ಸಮೋಸ ತರಿಸಿದೆವು.

ಕಾರ್ಯಕ್ರಮದ ಮುಖ್ಯ ಆಕರ್ಷಣೆ ಬಾವುಟಗಳ ಮೆರವಣಿಗೆ. ಅಲ್ಲಿಯೂ ಒಂದು ತೊಡಕು. ಬಾವುಟಗಳು ಹೆಚ್ಚಾಗಿ, ಹಿಡಿಯುವವರು ಕಡಿಮೆಯಾದರು. ನಾರ್ವೆಯ ಇಂಜಿನಿಯರ್ ರಜೆಯ ಮೇಲೆ ಹೋಗಿದ್ದ. ನಾರ್ವೆಯನ್ನು ಬಿಡುವುದುಂಟೇ? ಎತ್ತರದ ಆಳು ಬೇಕೆಂದು ಬೆಟ್ಟಿ ಪೈಪಿನ ಆ ಕಡೆಯಿಂದ ಯಮನಪ್ಪನನ್ನು ತರಿಸಿದಳು.

"ಅಕ್ಕಾರ, ಈ ನಾರ್ವೆ ಅಂದ್ರ ಎಲ್ಲಿ ಬರ್ತೈತ್ರೀ?" ಎಂದು ಅವನು ನನ್ನನ್ನು ಕೇಳಿದ.

"ಬಹಳ ಮೇಲೆ. ಬರೀ ಹಿಮ."

"ಹಂಗಾರ ಇವತ್ತೊಂದಿನ ತಂಪಿರ್ತೀನಿ ಬಿಡ್ರಿ."

ಕಾರ್ಯಕ್ರಮ ನಡೆದದ್ದು ರಿಕ್ರಿಯೇಷನ್ ಹಾಲಿನಲ್ಲಿ. ಅದರ ನಕ್ಷೆಯನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿ ಬಿಡಿಸಬಲ್ಲೆ. ಉದ್ದನೆಯ ಹಾಲ್. ಒಂದು ತುದಿಗೆ ವೇದಿಕೆ. ಅದರ ಎದುರಿನ ತುದಿಗೆ, ಅಂದರೆ ಪ್ರೇಕ್ಷಕರ ಬೆನ್ನ ಹಿಂದೆ, ಅಗಲವಾದ ಗಾಜಿನ ಬಾಗಿಲುಗಳು, ಅವುಗಳಾಚೆ ಹುಲ್ಲುಹಾಸು. ವೇದಿಕೆಯ ಪಕ್ಕದಲ್ಲಿ ತಗಡಿನ ಸಣ್ಣ ಬಾಗಿಲು. ಅದರಿಂದ ಅಡುಗೆಮನೆಯ ಓಣಿ, ಓಣಿಯ ಕೊನೆಗೆ ಹೊರಗೆ ಹೋಗಲು ಇನ್ನೊಂದು ತಗಡಿನ ಬಾಗಿಲು. ಮುಂದಿನ ಸಾಲುಗಳಲ್ಲಿ ನೀಲಿ, ನಡುವೆ ಹಸಿರು, ಹಿಂದೆ ಹಳದಿ. ಹಳದಿಯವರನ್ನು ಓಣಿಯ ಮೂಲಕ ಒಳಗೆ ಬಿಟ್ಟು, ವೇದಿಕೆಯ ಪಕ್ಕದಿಂದ ನಡೆಸಿಕೊಂಡು ಬಂದು ಕೊನೆಯ ಸಾಲುಗಳಲ್ಲಿ ಕೂರಿಸಿದ್ದರು. ಅಂದರೆ ಗಾಜಿನ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಇದ್ದವರು ಅವರೇ. ಕೈ ಚಾಚಿದರೆ ಹಿಡಿ ಸಿಗುತ್ತಿತ್ತು.

ವೇದಿಕೆಯ ಹಿನ್ನೆಲೆಗೆ ಮ್ಯಾನೇಜರನ ಹುಟ್ಟೂರನ್ನು ಥರ್ಮೋಕೋಲಿನಲ್ಲಿ ಕೆತ್ತಿಸಿದ್ದರು. ಚರ್ಚು, ಕ್ಷೌರದಂಗಡಿ, ಗುಲಾಬಿ ಬಣ್ಣದ ಐಸ್‌ಕ್ರೀಮ್ ಅಂಗಡಿ. ಹಿಂದಿನಿಂದ ದೊಡ್ಡ ದೊಡ್ಡ ದೀಪಗಳು. ಸಂಜೆ ಹೊತ್ತು, ಇನ್ನೂ ಹೊರಗೆ ಬೆಳಕಿತ್ತು. ಬಾವುಟಗಳು ಬಂದವು. ನಾರ್ವೆ ಎದೆಯುಬ್ಬಿಸಿ ನಡೆಯಿತು, ಹಿಂದಿನ ಸಾಲುಗಳಿಂದ ನಾರ್ವೆಗೆ ಎಲ್ಲ ದೇಶಗಳಿಗಿಂತ ಜೋರಾದ ಸಿಳ್ಳೆ ಬಿತ್ತು. ಬಾವುಟ ಹಿಡಿದೇ ಹೋಗಿ ಯಮನಪ್ಪ ತನ್ನವರ ನಡುವೆ ಕುಳಿತ. ಮ್ಯಾನೇಜರ್ ಮೈಕಿನ ಮುಂದೆ ನಿಂತು, "ಇಲ್ಲಿ ನಾವೆಲ್ಲ ಒಂದೇ ಮನೆಯವರು," ಎಂದ. ಅವನ ಬೆನ್ನ ಹಿಂದೆ ಐಸ್‌ಕ್ರೀಮ್ ಅಂಗಡಿ ಕರಗುತ್ತಿತ್ತು.

ಐಸ್‌ಕ್ರೀಮ್ ಅಂಗಡಿಗೆ ಬೆಂಕಿ ಬೀಳುವುದನ್ನು ನೋಡಿ ಒಂದಿಬ್ಬರು ನಕ್ಕರು. ಅದು ಕಾರ್ಯಕ್ರಮದ ಭಾಗ ಎಂದುಕೊಂಡಿರಬೇಕು. ಆಮೇಲೆ ಕಪ್ಪು ಹೊಗೆ ಬಂತು. ಥರ್ಮೋಕೋಲಿನ ಹೊಗೆ ಕಟ್ಟಿಗೆಯ ಹೊಗೆಯಂತಲ್ಲ. ಮೇಲಕ್ಕೆ ಹೋಗಿ ಸುಮ್ಮನಾಗುವುದಿಲ್ಲ, ಚಾವಣಿಗೆ ಬಡಿದು ಕಂಬಳಿಯಂತೆ ಕೆಳಗಿಳಿಯುತ್ತದೆ. ಉರಿಯುವ ಹನಿಗಳು ಪರದೆಯ ಮೇಲೆ ತೊಟ್ಟಿಕ್ಕಿದವು. ದೀಪ ಆರಿತು.

ಮುಂದಿನದ್ದನ್ನು ನಾನು ಮತ್ತೆ ಮತ್ತೆ ನೋಡುತ್ತಿರುತ್ತೇನೆ. ಹಾಲು ಕಾಯಿಸುವಾಗ, ಬಸ್ಸಿನ ಕಿಟಕಿಯ ಪಕ್ಕ ಕುಳಿತಾಗ, ಪುರೋಹಿತರು ಜೋರಾಗಿ ಗಟ್ಟಿಮೇಳ ಎನ್ನುವಾಗ. ನೀಲಿಯವರು ಮುಂದಿನ ಸಾಲುಗಳಿಂದ ಎದ್ದು ಹಿಂದಿನ ಗಾಜಿನ ಬಾಗಿಲ ಕಡೆ ನುಗ್ಗಿದರು. ಹಸಿರಿನವರಾದ ನಾವೂ ನುಗ್ಗಿದೆವು. ಆ ಬಾಗಿಲಿನ ಪಕ್ಕದಲ್ಲೇ ಇದ್ದ ಹಳದಿಯವರು ಏನು ಮಾಡಿದರು ಗೊತ್ತೇ? ಎದ್ದು ನಿಂತರು. ಕುರ್ಚಿಗಳನ್ನು ಎತ್ತಿ ಬದಿಗಿಟ್ಟರು. ಗೋಡೆಗೆ ಬೆನ್ನು ಹಚ್ಚಿ ನಮಗೆ ದಾರಿ ಬಿಟ್ಟರು. "ಪೆಹಲೇ ಸಾಬ್ ಲೋಗ್, ಪೆಹಲೇ ಸಾಬ್ ಲೋಗ್," ಎಂದು ಯಾರೋ ಹೇಳುತ್ತಿದ್ದರು. "ಮೇಡಮ್ಮಾರನ್ನ ಮುಂದ ಬಿಡ್ರಿ," ಎಂದದ್ದು ಯಮನಪ್ಪನ ದನಿ. ನನ್ನ ಸೆರಗು ಕುರ್ಚಿಗೆ ಸಿಕ್ಕಿಕೊಂಡಾಗ ಬಿಡಿಸಿಕೊಟ್ಟ ಕೈ ಯಾರದೆಂದು ನನಗೆ ಇಂದಿಗೂ ತಿಳಿಯದು.

ಹೊಸಿಲು ದಾಟಿ ಹಿಂತಿರುಗಿ ನೋಡಿದೆ. ಇನ್ನು ಅವರು ಬರಬೇಕು. ಬಾಗಿಲು ಹಾರುಹೊಡೆದಿತ್ತು, ಅಡ್ಡ ಯಾರೂ ಇರಲಿಲ್ಲ. ಅವರು ಬರಲಿಲ್ಲ. ಗೋಡೆಯಿಂದ ಬೆನ್ನು ತೆಗೆದು, ನಮಗೆ ಬೆನ್ನು ಹಾಕಿ, ವೇದಿಕೆಯ ಕಡೆ ನಡೆದರು. ಬೆಂಕಿಯ ಕಡೆ. ಅಲ್ಲಿತ್ತು ಅವರ ಬಾಗಿಲು.

ನಾನು ಕೂಗಿದೆ. "ಯಮನಪ್ಪ! ಈ ಕಡೆ ಬಾರೋ! ಇಲ್ಲಿ ತೆರೆದೈತಿ!"

ಹೊಗೆಯೊಳಗಿಂದ ಆ ದೊಡ್ಡ ದನಿ ಬಂತು. ಗಾಬರಿಯಿರಲಿಲ್ಲ ಅದರಲ್ಲಿ, ದಾರಿ ತಪ್ಪಿದವರಿಗೆ ತಿಳಿಹೇಳುವ ಸೌಜನ್ಯವಿತ್ತು. "ಅದು ನಮ್ಮ ಬಾಗಲಲ್ರೀ ಅಕ್ಕಾರ!"

ಹಿಂದಿಯಲ್ಲಿ ಕೂಗಿದೆ, ಬನ್ನಿ, ಓಡಿ, ಸಾಯುತ್ತೀರಿ ಎಂದೆ. ಒಬ್ಬನೂ ತಿರುಗಲಿಲ್ಲ. ಆಗ ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. "ಮ್ಯಾನೇಜರ್ ಸಾಬ್ ಕಾ ಆರ್ಡರ್ ಹೈ! ಸಬ್ ಇಸ್ ದರ್ವಾಜೇ ಸೇ! ಜಲ್ದಿ, ಯಲ್ಲಾ, ಯಲ್ಲಾ!"

ತಿರುಗಿದರು. ಒಬ್ಬರ ಹಿಂದೊಬ್ಬರು, ಕೆಮ್ಮುತ್ತ, ಹೆಚ್ಚುಕಡಿಮೆ ಸಾಲಾಗಿ, ಗಾಜಿನ ಬಾಗಿಲಿನಿಂದ ಹೊರಗೆ ಬಂದರು. ಕೆಲವರು ಹೊಸಿಲಿನ ಹೊರಗಿನ ಮ್ಯಾಟಿನ ಮೇಲೆ ಬೂಟು ಒರೆಸಿದರು. ಬದುಕಿಕೊಳ್ಳಿ ಎಂದರೆ ಕೇಳಿಸದ ಕಿವಿಗಳಿಗೆ ಆರ್ಡರ್ ಎಂದರೆ ಕೇಳಿಸಿತು. ಆರ್ಡರ್ ಕೊಟ್ಟನೆಂದು ನಾನು ಹೇಳಿದ ಮ್ಯಾನೇಜರ್ ಅಷ್ಟರಲ್ಲಿ ಹುಲ್ಲುಹಾಸಿನ ಮೇಲೆ ನಿಂತು, ಸುತ್ತ ಇದ್ದ ನೀಲಿ ಹಸಿರು ಬ್ಯಾಜುಗಳ ಮೇಲೆ ಕಣ್ಣಾಡಿಸಿ, "ದೇವರು ದೊಡ್ಡವನು, ಎಲ್ಲರೂ ಹೊರಗೆ ಬಂದೆವು," ಎಂದು ಹೆಂಡತಿಯನ್ನು ತಬ್ಬಿಕೊಂಡಿದ್ದ.

ಯಮನಪ್ಪ ಬಂದಿರಲಿಲ್ಲ. ಅವನು ಮತ್ತು ಮುಂದಿದ್ದ ಕೆಲವರು ನನ್ನ ಸುಳ್ಳು ಕೇಳಿಸುವ ಮೊದಲೇ ಓಣಿ ಹೊಕ್ಕಿದ್ದರು.

ಓಣಿಯ ಕೊನೆಯ ಬಾಗಿಲಿಗೆ ಹೊರಗಿನಿಂದ ಬೀಗ. ಪೆಪ್ಸಿಯ ಕ್ರೇಟುಗಳನ್ನು ಯಾರಾದರೂ ಹೊತ್ತೊಯ್ದಾರೆಂದು, ಹಳದಿಯವರೆಲ್ಲ ಒಳಗೆ ಬಂದ ಮೇಲೆ, ಅಡುಗೆಮನೆಯವರು ಹಾಕಿದ್ದು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವನು ಇಬ್ರಾಹಿಂ. ಉಳ್ಳಾಲದ ಬ್ಯಾರಿ, ಕತಾರಿನಲ್ಲಿ ಬಹಳ ವರ್ಷ ಕಳೆದವನು. ಕೆಲಸಗಾರರನ್ನು ಕ್ಯಾಬಿನ್ನುಗಳಿಗೆ ಬಿಡಲು ಬಸ್ಸನ್ನು ಹಿಂಭಾಗದಲ್ಲಿ ನಿಲ್ಲಿಸಿಕೊಂಡಿದ್ದ.

"ಒಳಗಿಂದ ಬಾಗಿಲು ತಟ್ಟುವ ಶಬ್ದ ಅಕ್ಕ. ಎಷ್ಟು ಮೆಲ್ಲ ತಟ್ತಾ ಇದ್ರು ಗೊತ್ತುಂಟಾ? ಜೀವ ಹೋಗುವವ ಬಾಗಿಲು ಮುರಿಯುವ ಹಾಗೆ ಗುದ್ದಬೇಕಲ್ಲ? ಇವ್ರು ಆಫೀಸಿನ ಬಾಗಿಲು ತಟ್ಟಿದ ಹಾಗೆ, ಟಕ್ ಟಕ್. ನಾನು ಯಾರೋ ಪ್ಲೇಟು ತೊಳೀತಿದ್ದಾರೆ ಅಂತ ಮಾಡಿದೆ. ಮತ್ತೆ ನೋಡಿದ್ರೆ ಅಡಿಯಿಂದ ಹೊಗೆ. ಒಳಗೆ ಜನ ಉಂಟು, ಹೊರಗೆ ಬೀಗ ಉಂಟು! ಇದು ಯಾರ ತಲೆ ಅಕ್ಕ?"

ಟಯರು ಬಿಚ್ಚುವ ಸಲಾಕೆಯಿಂದ ಬೀಗವನ್ನು ಕೊಂಡಿಸಮೇತ ಕಿತ್ತ. ಒಬ್ಬರ ಮೇಲೊಬ್ಬರು ಮರಳಿಗೆ ಬಿದ್ದರು. ಕೊನೆಯಲ್ಲಿ ಬಂದವನು ಯಮನಪ್ಪ. ಮೂಗು ಬಾಯಿಗೆ ನಾರ್ವೆಯನ್ನು ಸುತ್ತಿಕೊಂಡಿದ್ದ. ಎರಡು ಹೆಜ್ಜೆ ಹಾಕಿ ಕುಸಿದ. ನಾನು ಹಿಂಭಾಗಕ್ಕೆ ಓಡಿ ಬರುವಷ್ಟರಲ್ಲಿ ಇಬ್ರಾಹಿಂ ಅವನ ಕೆನ್ನೆಗೆ ತಟ್ಟುತ್ತ, "ಏ ಯಮನಪ್ಪ, ಕಣ್ಣು ಬಿಡು ಮಾರಾಯ, ನಿನ್ನ ಧಾರಾವಾಹಿ ಮುಗಿಲಿಲ್ಲ ಇನ್ನೂ," ಎನ್ನುತ್ತಿದ್ದ. ಕರ್ಟಿಸ್ ಬಂದು ಆಮ್ಲಜನಕದ ಸಿಲಿಂಡರ್ ಹಚ್ಚಿದ. ಯಮನಪ್ಪನ ಎದೆ ಏರುವುದೋ ಇಲ್ಲವೋ ಎಂದು ಕಾಯ್ದ ಆ ಹೊತ್ತು ಇಂದಿಗೂ ಪೂರ್ತಿಯಾಗಿ ಮುಗಿದಿಲ್ಲ.

ಏರಿತು.

ಯಾರೂ ಸಾಯಲಿಲ್ಲವಾದ್ದರಿಂದ ಅದು ದುರಂತವಾಗದೆ ಘಟನೆಯಾಯಿತು. ಕೆಲವರು ದೋಹಾದ ಆಸ್ಪತ್ರೆಯಲ್ಲಿ ಮಲಗಿ ಬಂದರು. ಸ್ಟೋರಿನವನು ಬಾವುಟಗಳನ್ನು ಎಣಿಸಿ, "ನಾರ್ವೆ ಎಲ್ಲಿ?" ಎಂದು ಹುಡುಕಾಡಿದ. ಮ್ಯಾನೇಜರ್ ಒಂದು ಸಭೆ ಕರೆದು, ಆ ಸಂಜೆ ನೀಲಿ ಹಸಿರು ಹಳದಿ ಎಂಬ ಭೇದವಿಲ್ಲದೆ ಎಲ್ಲರೂ ತೋರಿಸಿದ ಶಿಸ್ತನ್ನು ಮೆಚ್ಚಿ ಮಾತಾಡಿದ. ಕೆಲಸಗಾರರು ಅಷ್ಟು ಶಾಂತರಾಗಿ ದಾರಿ ಬಿಟ್ಟದ್ದನ್ನು ನೆನೆದು ಬೆಟ್ಟಿ ಕಣ್ಣೊರೆಸಿಕೊಂಡಳು. "ಎಂಥ ಸುಂದರ ಸಂಸ್ಕೃತಿ ನಿಮ್ಮದು!" ಎಂದು ನನ್ನ ಕೈ ಹಿಡಿದಳು. ನನ್ನ ಕೈಯಲ್ಲಿ ಕಾಫಿಯ ಕಪ್ಪಿತ್ತು. ಅವಳ ಮೇಲೆ ಚೆಲ್ಲದೆ ಹಿಡಿದುಕೊಂಡದ್ದು ನನ್ನ ಸುಂದರ ಸಂಸ್ಕೃತಿಯೇ ಇರಬೇಕು.

ಸಭೆಯ ಫಲವಾಗಿ ಕ್ಯಾಂಪಿನ ಎಲ್ಲ ಗಾಜಿನ ಬಾಗಿಲುಗಳ ಮೇಲೂ ಒಂದೊಂದು ಬೋರ್ಡು ಬಂತು. ಇಂಗ್ಲಿಷ್, ಅರಬ್ಬಿ, ಹಿಂದಿ, ಉರ್ದು, ಮಲಯಾಳಂ, ನೇಪಾಳಿ, ಬಂಗಾಳಿ ಎಂದು ಒಂದೊಂದು ಭಾಷೆಗೆ ಒಂದೊಂದು ಬಣ್ಣದ ಚೌಕಟ್ಟು, ನೋಡಲು ಚಂದವಿತ್ತು. "ತುರ್ತು ಸಂದರ್ಭದಲ್ಲಿ ಈ ಬಾಗಿಲನ್ನು ಯಾವ ಬಣ್ಣದ ಬ್ಯಾಜಿನವರಾದರೂ ಬಳಸಬಹುದು." ಡೈವರ್ಸಿಟಿಯ ಮೇಲೆ ಇದಕ್ಕಿಂತ ಪ್ರಾಮಾಣಿಕವಾದ ವಾಕ್ಯವನ್ನು ನಾನು ಆಮೇಲೆ ಎಲ್ಲೂ ಓದಿಲ್ಲ. ಪ್ರಾಣ ಹೋಗುವಾಗ ನಾವೆಲ್ಲ ಒಂದು. ಉಳಿದ ಸಮಯದಲ್ಲಿ ದಯವಿಟ್ಟು ಹಿಂದಿನಿಂದ ಬನ್ನಿ.

ಲೈಬ್ರರಿಯ ಬಾಗಿಲಿಗೆ ಆ ಬೋರ್ಡು ಹೊಡೆಯುವಾಗ ಕರ್ಟಿಸ್ ಬಂದು ನನ್ನ ಪಕ್ಕದಲ್ಲಿ ನಿಂತ. ಮೇಲಿನಿಂದ ಕೆಳಗೆ ಓದಿದ. "ವೇದಿಕೆಯ ಮೇಲಿತ್ತಲ್ಲ, ನಾನೂ ಅಂಥದ್ದೇ ಊರಿನವನು," ಎಂದ. "ಐಸ್‌ಕ್ರೀಮ್ ಅಂಗಡಿಯನ್ನು ಚೆನ್ನಾಗಿಯೇ ಮಾಡಿದ್ದರು. ಹಿಂದಿನ ಕಿಟಕಿಯೊಂದನ್ನು ಮರೆತಿದ್ದರು. ನನ್ನ ಅಜ್ಜಿ ಐಸ್‌ಕ್ರೀಮ್ ಕೊಳ್ಳುತ್ತಿದ್ದದ್ದು ಆ ಕಿಟಕಿಯಲ್ಲಿ." ಬೋರ್ಡು ಸ್ವಲ್ಪ ಓರೆಯಾಗಿತ್ತು; ಅದನ್ನು ನೇರ ಮಾಡಿ ಹೊರಟುಹೋದ.

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಶುಕ್ರವಾರ ಕಿಟಕಿಯ ಮೇಲೆ ಟಕ್ ಟಕ್ ಎಂದಿತು. ಕೈಯಲ್ಲಿದ್ದ ಪುಸ್ತಕ ಬಿಟ್ಟು ಎದ್ದು ಹೋದೆ. ಯಮನಪ್ಪ ನಿಂತಿದ್ದ, ಕೈಯಲ್ಲಿ ಸ್ಪ್ಯಾನರ್. ಸೊರಗಿದ್ದ. "ಹೊಸಾದು ಬಂದೈತೇನ್ರೀ ಅಕ್ಕಾರ?" ಎಂದ. ಕೇಳಲು ನಾನು ಕಿಟಕಿಗೆ ಕಿವಿ ಕೊಡಬೇಕಾಯಿತು. ಕಬ್ಬಿಣದ ಮೇಲಿನಿಂದ ಊರಿಗೆಲ್ಲ ಕೇಳಿಸುತ್ತಿದ್ದ ದನಿಯನ್ನು ಹೊಗೆ ತಿಂದುಹಾಕಿತ್ತು. ಧಾರಾವಾಹಿಯನ್ನು ಈಗ ಬೇರೆಯವರಿಂದ ಓದಿಸಿ ಕೇಳುತ್ತಾನಂತೆ. "ಅವಾ ಬರೇ ಅಳೂ ದನಿಯಾಗ ಓದ್ತಾನ್ರೀ, ನಗೂ ಕಡೆನೂ," ಎಂದು ದೂರಿದ.

ನನಗೆ ತಡೆಯಲಾಗಲಿಲ್ಲ. "ಬಾಗಿಲಿಂದ ಬಾ ಯಮನಪ್ಪ. ಈಗ ಬೋರ್ಡೇ ಹಾಕ್ಯಾರ."

"ಅದೇನ್ ಬರದಾರ್ರೀ ಅದ್ರಾಗ? ನಮ್ಮ ಕನ್ನಡ ಇಲ್ಲಲ್ಲ."

ಓದಿ ಹೇಳಿದೆ, ಇದ್ದದ್ದನ್ನು ಇದ್ದಂತೆ. ಅವನು ತಲೆದೂಗಿ ಕೇಳಿದ. ಕಟ್ಟಡವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. ಬಹಳ ವಿನಯದಿಂದ ಹೇಳಿದ:

"ಈಗೇನ್ ಬೆಂಕಿ ಹತ್ತಿಲ್ಲಲ್ರೀ ಅಕ್ಕಾರ."

ಓದು ಬರುವವರೆಲ್ಲ ಸೇರಿ ಬರೆದ ಬೋರ್ಡಿನ ಅರ್ಥವನ್ನು ಅವನು ಸರಿಯಾಗಿಯೇ ಹಿಡಿದಿದ್ದ. ನನಗೆ ಸಿಟ್ಟು ಬಂತು. ಅವನ ಮೇಲೋ ಬೋರ್ಡಿನ ಮೇಲೋ, ಎರಡು ಹೆಜ್ಜೆ ದೂರದ ಗಾಜಿನ ಬಾಗಿಲನ್ನು ಬಿಟ್ಟು ಬೆಂಕಿಯೊಳಗೆ ನಡೆದುಹೋದ ಆ ಬೆನ್ನುಗಳ ಮೇಲೋ ಗೊತ್ತಿಲ್ಲ. ಆ ಪದವನ್ನು ಆಡಲು ನನ್ನ ನಾಲಿಗೆ ಇನ್ನೂ ಹೆದರುತ್ತಿತ್ತು. ಅಡುಗೆಮನೆಯಲ್ಲಿ ಕೂಡ ಒಲೆ ಹಚ್ಚು ಎನ್ನುತ್ತಿದ್ದೆನೇ ಹೊರತು ಅದರ ಹೆಸರೆತ್ತುತ್ತಿರಲಿಲ್ಲ. ಆದರೂ ಎಂದೆ.

"ಹತ್ತೈತಿ. ಬೆಂಕಿ ಹತ್ತೈತಿ. ಮ್ಯಾನೇಜರ್ ಆರ್ಡರ್ ಆಗೇತಿ. ಲಗೂನ ಬಾ."

ಅವನು ನನ್ನ ಮುಖ ನೋಡಿದ. ಅತ್ತಿತ್ತ ನೋಡಿದ. ಆಮೇಲೆ ದನಿಯಿಲ್ಲದ ಗಂಟಲಿನಿಂದ, ಭುಜ ಕುಲುಕಿಸಿ ನಕ್ಕ. ಸುತ್ತು ಹಾಕಿ ಗಾಜಿನ ಬಾಗಿಲಿಗೆ ಬಂದ, ಬೂಟು ಕಳಚಿ ಹೊರಗಿಟ್ಟ, ಸ್ಪ್ಯಾನರ್ ಮಾತ್ರ ಬಿಡಲಿಲ್ಲ. ಒಳಗೆ ಬಂದು ಕಪಾಟುಗಳ ನಡುವೆ ಒಂದು ಸುತ್ತು ನಡೆದು, ಎ.ಸಿ.ಯ ಕೆಳಗಿನ ಕುರ್ಚಿಯ ಅಂಚಿನಲ್ಲಿ ಕುಳಿತ. "ಇದೇ ನೋಡ್ರೀ ಅಕ್ಕಾರ, ನಾರ್ವೆ," ಎಂದ.

ಅಂದಿನಿಂದ ಅದೇ ರೂಢಿಯಾಯಿತು. ಶುಕ್ರವಾರ ಮಧ್ಯಾಹ್ನ ಕಿಟಕಿಯ ಮೇಲೆ ಟಕ್ ಟಕ್. "ಬೆಂಕಿ ಐತೇನ್ರೀ ಅಕ್ಕಾರ ಇವತ್ತ?" ನಾನು ಬೀದಿಯನ್ನೊಮ್ಮೆ ನೋಡಿ, "ಐತಿ, ಬಾ," ಎನ್ನುತ್ತಿದ್ದೆ. ಬೆಟ್ಟಿಯ ಕಾರು ಕಂಡರೆ, "ಇವತ್ತ ಆರೇತಿ." ಕೆಲವು ವಾರಗಳಲ್ಲಿ ಅವನ ಹಿಂದೆ ಅಳುವ ದನಿಯ ಓದುಗನೂ ಬಂದ, ಒಬ್ಬ ನೇಪಾಳಿಯೂ ಬಂದ, ಎಲ್ಲರ ಕೈಯಲ್ಲೂ ಒಂದೊಂದು ಸ್ಪ್ಯಾನರ್. ಕರ್ಟಿಸ್ ಒಂದು ದಿನ ಪುಸ್ತಕ ಮರಳಿಸಲು ಬಂದವನು ಬಾಗಿಲಲ್ಲಿ ಸಾಲಾಗಿ ಬಿಟ್ಟ ಬೂಟುಗಳನ್ನು ನೋಡಿದ. ಇದೇನೆಂದು ಹುಬ್ಬೇರಿಸಿದ. "ಎಮರ್ಜೆನ್ಸಿ," ಎಂದೆ. ಸೇಫ್ಟಿ ಆಫೀಸರ್ ಗಂಭೀರವಾಗಿ ತಲೆಯಾಡಿಸಿ, ಬೂಟುಗಳನ್ನು ದಾಟಿ ಒಳಗೆ ಬಂದು, ಅವರ ನಡುವೆ ಕುಳಿತು ಪದಬಂಧ ಬಿಡಿಸತೊಡಗಿದ.

ನಾವು ಆ ಅಮೆರಿಕನ್ ಊರಿನಲ್ಲಿ ಇದ್ದಷ್ಟು ದಿನವೂ ಲೈಬ್ರರಿಗೆ ಶುಕ್ರವಾರ ಶುಕ್ರವಾರ ಬೆಂಕಿ ಬೀಳುತ್ತಿತ್ತು. ಒಂದು ಪುಸ್ತಕವೂ ಸುಡಲಿಲ್ಲ.